ಕುಲುಮೆ ಬೀದಿಯ ಮೂರು ಅಮಾವಾಸ್ಯೆ

ಕಳೆದ ತಿಂಗಳು ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ರವೀಂದ್ರನಗರದ ಮನೆಗೆ ವಾಪಸು ಬರುತ್ತಿದ್ದೆ. ಆಟೋದವನು ಹತ್ತಿರವಾಗುತ್ತದೆ ಅಂತ ಕೋಟೆ ಕಡೆಯ ಬೀದಿಗೆ ತಿರುಗಿಸಿಬಿಟ್ಟ. ನಾನು ಆ ಕಡೆ ಹೋಗದೆ ಎಷ್ಟೋ ವರ್ಷವಾಗಿತ್ತು. ಹೋಗದ ಹಾಗೆ ನೋಡಿಕೊಂಡಿದ್ದೆ ಅಂದರೇ ಸರಿ. ಅಲ್ಲಿ ರಸ್ತೆಗೆ ಅಡ್ಡ ತಗಡು ಕಟ್ಟಿ ಹಳೆಯದೊಂದು ಎರಡಂತಸ್ತಿನ ಕಟ್ಟಡವನ್ನು ಕೆಡವುತ್ತಿದ್ದರು. ಒಬ್ಬ ಕೆಲಸಗಾರ ಗ್ಯಾಸ್ ಕಟ್ಟರಿನಿಂದ ಕಂಬಿ ಕೊಯ್ದು, ಕೆಂಪಗಿದ್ದ ತುದಿಗೆ ಬಕೆಟ್ಟಿನ ನೀರು ಸುರಿದ. ಚುಂಯ್ ಅಂತ ಹಬೆ ಎದ್ದಿತು. ಹಿಂದೆಯೇ ಆ ವಾಸನೆ. ನನಗೆ ಈಗ ಕಣ್ಣು ಮಂಜು, ಕಿವಿ ಅಷ್ಟಕ್ಕಷ್ಟೆ. ಮೂಗಿಗೆ ಮಾತ್ರ ಏನೂ ಆಗಿಲ್ಲ. ಕಾದ ಕಬ್ಬಿಣ ನೀರಿಗೆ ಬಿದ್ದಾಗಿನ ಆ ವಾಸನೆ ಬಡಿದದ್ದೇ ಮೈಯೆಲ್ಲ ಉರಿದುಹೋಯಿತು.

"ಹಳೇ ಮಾರ್ಕೆಟ್ ಬಿಲ್ಡಿಂಗ್ ಅಜ್ಜಿ," ಅಂದ ಆಟೋದವನು. "ಹೊಸಾದು ಬರುತ್ತಂತೆ. ಕೆಳಗೆ ಶಾಪು, ಮೇಲೆ ಫ್ಲ್ಯಾಟು. ಹೊಸಾ ಐಡಿಯಾ."

"ಹೊಸಾದಂತೆ, ನಿನ್ನ ತಲೆ!" ಅಂದೆ. ಪಾಪ, ಅವನೇನು ಮಾಡಿದ್ದ? ಕೆಡವುತ್ತಿದ್ದ ಆ ಕಟ್ಟಡವನ್ನು ಕಟ್ಟಿದಾಗಲೂ ಇದೇ ಮಾತು ಹೇಳಿದ್ದರು, ಇದೇ ಹೊಸ ಐಡಿಯಾ ಅಂದಿದ್ದರು. ಅದಕ್ಕಿಂತ ಮೊದಲು ಅಲ್ಲಿ ಏನಿತ್ತು ಅನ್ನುವುದನ್ನು ಹೇಳುವುದಕ್ಕೆ ಈಗ ಉಳಿದಿರುವವಳು ಬಹುಶಃ ನಾನೊಬ್ಬಳೇ. ಅದನ್ನು ಹಾಳು ಮಾಡಿದ್ದರಲ್ಲಿ ನನ್ನ ಕೈಯೂ ಇತ್ತು.

ನಾವು ಅದನ್ನು ಕುಲುಮೆ ಬೀದಿ ಅನ್ನುತ್ತಿದ್ದೆವು. ಕೋಟೆಯ ಹಿಂಬದಿಯಲ್ಲಿ ಶುರುವಾಗಿ ತುಂಗಾ ಹೊಳೆಗೆ ಇಳಿಯುವ ಮೆಟ್ಟಿಲ ಹತ್ತಿರ ಮುಗಿಯುತ್ತಿತ್ತು. ಎರಡು ಎತ್ತಿನಗಾಡಿ ಎದುರಾದರೆ ಒಂದು ಹಿಂದೆ ಸರಿಯಬೇಕು, ಅಷ್ಟೇ ಅಗಲ. ಪ್ರತಿ ಮನೆಗೂ ಮುಂದೆ ಜಗಲಿ. ಜಗಲಿಯ ಮೇಲೆ ಕಸುಬು, ಹಿಂದೆ ಸಂಸಾರ. ನಮ್ಮ ಅಪ್ಪಾಜಿ ಮುಂಭಾಗದಲ್ಲಿ ವಿಭೂತಿ, ಕರ್ಪೂರ, ಊದಿನಕಡ್ಡಿ, ಅರಿಶಿನ ಕುಂಕುಮದ ಅಂಗಡಿ ಇಟ್ಟಿದ್ದರು. ಅದರ ಹಿಂದಿನ ನಡುಮನೆಯಲ್ಲಿ ನಾನು ಹುಟ್ಟಿದ್ದು. ಅಪ್ಪಾಜಿ ಇಲ್ಲದಾಗ ಗಿರಾಕಿ ಕೂಗಿದರೆ ಅವ್ವ ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಗೆ ಬಂದು ಕರ್ಪೂರ ಕೊಟ್ಟು ಹೋಗುತ್ತಿದ್ದಳು. ಮನೆ ಎಲ್ಲಿ ಮುಗಿಯಿತು, ಅಂಗಡಿ ಎಲ್ಲಿ ಶುರುವಾಯಿತು ಅಂತ ಯಾರೂ ಗೆರೆ ಎಳೆದಿರಲಿಲ್ಲ.

ಹೊಳೆ ಕಡೆಯ ತುದಿಯಲ್ಲಿ ನಾಲ್ಕು ಆಚಾರ್ ಮನೆಗಳಿದ್ದವು. ಇಬ್ಬರು ಬಡಗಿಗಳು, ಒಬ್ಬರು ಅಕ್ಕಸಾಲಿ, ಕೊನೆಯ ಮನೆ ಕಮ್ಮಾರ ರುದ್ರಾಚಾರ್ ಅವರದು. ಬೀದಿಗೆ ಹೆಸರು ಬಂದಿದ್ದು ಅವರ ಕುಲುಮೆಯಿಂದ. ಕಾಲಲ್ಲಿ ಮೆಟ್ಟಿ ಹಿಡಿದು ಕೂತು ಅಡಿಕೆ ಸುಲಿಯುತ್ತಾರಲ್ಲ, ಆ ಮೆಟ್ಟುಗತ್ತಿ ಮಾಡುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಅಡಿಕೆ ಕೊಯ್ಲು ಹತ್ತಿರ ಬಂತೆಂದರೆ ತೀರ್ಥಹಳ್ಳಿ ಕಡೆಯಿಂದ, ಸಾಗರದ ಕಡೆಯಿಂದ ಸುಲಿಯುವ ಹೆಂಗಸರೇ ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಬೇರೆಯವರ ಕತ್ತಿಯಲ್ಲಿ ಸುಲಿದರೆ ಬೆರಳೂ ಸುಲಿದುಹೋಗುತ್ತದೆ ಅನ್ನುತ್ತಿದ್ದರು. ರುದ್ರಾಚಾರ್ ಮಾತು ಕಮ್ಮಿ. ಸುತ್ತಿಗೆ ಹಿಡಿದವರು ಅವರಾದರೆ ಬೆಂಕಿಗೆ ಗಾಳಿ ಊದುವ ತಿದಿ ಒತ್ತುತ್ತಿದ್ದವಳು ಹೆಂಡತಿ ಗೌರಕ್ಕ. ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತು, ಮದುವೆ ಮಾಡಿ ಕಳಿಸಿದ ಮೇಲೂ ದಿನಾ ಬೆಳಿಗ್ಗೆ ತಿದಿಯ ಮುಂದೆ ಕೂರುತ್ತಿದ್ದಳು. ಬೆಂಕಿಯ ಬಣ್ಣ ನೋಡಿ "ಈಗ ತೆಗೀರಿ" ಅನ್ನುತ್ತಿದ್ದವಳೂ ಅವಳೇ. ಅವಳು ಹೇಳಿದ ಮೇಲೆಯೇ ಕಬ್ಬಿಣ ಕುಲುಮೆಯಿಂದ ಹೊರಗೆ ಬರುತ್ತಿತ್ತು.

ಅಮಾವಾಸ್ಯೆಯ ದಿನ ಮಾತ್ರ ಆ ನಾಲ್ಕು ಮನೆಗಳಲ್ಲಿ ಸದ್ದಿಲ್ಲ. ಆಚಾರ್ ಜನ ಅವತ್ತು ಉಳಿ ಹಿಡಿಯುವುದಿಲ್ಲ, ಸುತ್ತಿಗೆ ಎತ್ತುವುದಿಲ್ಲ, ಕುಲುಮೆ ಹಚ್ಚುವುದಿಲ್ಲ. ಹತಾರಗಳನ್ನೆಲ್ಲ ತೊಳೆದು, ಅರಿಶಿನ ಕುಂಕುಮ ಇಟ್ಟು, ಒಂದು ಕಡೆ ಜೋಡಿಸಿ ಕೈಮುಗಿಯುತ್ತಾರೆ. ಆ ಅರಿಶಿನ ಕುಂಕುಮ ಹೋಗುತ್ತಿದ್ದುದು ನಮ್ಮ ಅಂಗಡಿಯಿಂದಲೇ. ಅವರಿಗೆ ರಜೆಯ ದಿನ ಅಪ್ಪಾಜಿಗೆ ಉಸಿರಾಡುವುದಕ್ಕೂ ಬಿಡುವಿರುತ್ತಿರಲಿಲ್ಲ.

ಚೀನಾದ ಯುದ್ಧಕ್ಕೆ ಒಂದು ವರ್ಷ ಮೊದಲು, ಬೇಸಿಗೆ ಶುರುವಾಗುವ ಹೊತ್ತಿಗೆ, ನಮ್ಮ ಬೀದಿಯ ಗೋಡೆಗಳ ಮೇಲೆ ನೋಟೀಸು ಅಂಟಿತು. ಹಳೇ ಪೇಟೆಯನ್ನು ಸುಧಾರಣೆ ಮಾಡುತ್ತಾರಂತೆ. ಅದಕ್ಕೊಂದು ಸಮಿತಿಯಂತೆ. ಬೀದಿ ಕೆಡವಿ ಅಲ್ಲೇ ಒಂದು ದೊಡ್ಡ ಕಟ್ಟಡ ಕಟ್ಟಿ, ಕೆಳಗೆ ಅಂಗಡಿ ಮೇಲೆ ಮನೆ ಮಾಡಿಕೊಡುತ್ತಾರಂತೆ. ಕಸುಬು ಇರುವವರಿಗೆ ಕೆಳಗೊಂದು ಅಂಗಡಿ, ಮೇಲೊಂದು ಮನೆ. ಬರೀ ವಾಸ ಇರುವವರಿಗೆ ಮೇಲಿನ ಮನೆ ಮಾತ್ರ. ಮಹಡಿಯಲ್ಲಿ ಅಡಿಗೆ ಒಲೆ ಬಿಟ್ಟು ಬೇರೆ ಬೆಂಕಿ ಹಚ್ಚುವ ಹಾಗಿಲ್ಲ. ಜನಕ್ಕೆ ಖುಷಿಯೇ ಆಯಿತು. ಮಳೆಗಾಲದಲ್ಲಿ ಹೊಳೆ ನೀರು ಜಗಲಿಗೆ ಬರುತ್ತಿದ್ದ ಬೀದಿ ನಮ್ಮದು. ಸಿಮೆಂಟಿನ ಮನೆ ಅಂದರೆ ಯಾರಿಗೆ ಬೇಡ? ನನಗೂ ಬೇಕಾಗಿತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ.

ನನಗಾಗ ಇಪ್ಪತ್ತು ವರ್ಷ, ಪ್ರೈಮರಿ ಸ್ಕೂಲಿನಲ್ಲಿ ಟೆಂಪರರಿ ಟೀಚರು. ಆಗಷ್ಟೇ ಜನಗಣತಿ ಮುಗಿದಿತ್ತು. ಅದರಲ್ಲಿ ನನ್ನ ದುಂಡಗಿನ ಅಕ್ಷರ ನೋಡಿದ್ದ ಯಾರೋ ಪುಣ್ಯಾತ್ಮರು ಸಮಿತಿಗೆ ನನ್ನ ಹೆಸರು ಹೇಳಿದರು. ಮನೆ ಮನೆಗೆ ಹೋಗಿ ಪಟ್ಟಿ ಬರೆಯುವುದು ನನ್ನ ಕೆಲಸ, ಜೊತೆಗೆ ಬರುವ ಓವರ್‌ಸಿಯರ್ ಹೇಳಿದ್ದನ್ನು ತುಂಬುವುದು. ನಮ್ಮ ಬೀದಿಗೇ ನಾನು ಸರ್ಕಾರದ ಪುಸ್ತಕ ಹಿಡಿದು ಹೋಗುತ್ತೇನೆ ಅಂದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಅವ್ವ ಹೊಸ ಸೀರೆ ಉಡಿಸಿ ಕಳಿಸಿದಳು.

ಪಟ್ಟಿ ಬರೆಯಲು ಗೊತ್ತುಮಾಡಿದ ದಿನ ಯುಗಾದಿಯ ಹಿಂದಿನ ದಿನ. ಅಮಾವಾಸ್ಯೆ.

ನಮ್ಮ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ನಾಳೆ ಹಬ್ಬ, ಕರ್ಪೂರ, ಗಂಧ, ಮಾವಿನ ತೋರಣಕ್ಕೆ ದಾರ ಅಂತ ಅರ್ಧ ಪೇಟೆಯೇ ಅಲ್ಲಿತ್ತು. ಓವರ್‌ಸಿಯರ್ ಮೈಸೂರು ಕಡೆಯವರು, ಟೋಪಿ ಹಾಕಿದ್ದರು. ಅಪ್ಪಾಜಿಯನ್ನು ನೋಡಿ, "ಭರ್ಜರಿ ವ್ಯಾಪಾರ. ಬರೀರಮ್ಮ," ಅಂದರು. ನಾನು ಬರೆದೆ. ತುದಿಯ ನಾಲ್ಕು ಮನೆಗೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಹಲಗೆ ಬಾಗಿಲು ಹಾಕಿತ್ತು. ಕುಲುಮೆ ತಣ್ಣಗಿತ್ತು. ರುದ್ರಾಚಾರ್ ತಲೆಗೆ ಸ್ನಾನ ಮಾಡಿ, ಮಡಿಪಂಚೆ ಉಟ್ಟು, ಹಣೆಗೆ ವಿಭೂತಿ ಇಟ್ಟು ಜಗಲಿಯ ಮೇಲೆ ಕೂತಿದ್ದರು. ಮಸಿ ಇಲ್ಲದ ಅವರ ಕೈ ಯಾರದೋ ಕೈಯ ಹಾಗೆ ಕಾಣುತ್ತಿತ್ತು.

"ಏನ್ರಿ ಕೆಲಸ ಮಾಡ್ತೀರಿ?" ಅಂದರು ಓವರ್‌ಸಿಯರ್.

"ಇವತ್ತು ಏನೂ ಇಲ್ಲ ಸ್ವಾಮಿ," ಅಂದರು ರುದ್ರಾಚಾರ್.

"ಸರ್, ಇವತ್ತು ಅಮಾವಾಸ್ಯೆ," ಅಂದೆ ನಾನು. "ಆಚಾರ್ರು ಅಮಾವಾಸ್ಯೆ ದಿನ ಕುಲುಮೆ ಹಚ್ಚಲ್ಲ."

"ಪಂಚಾಂಗ ಬರೆಯೋಕೆ ಕರ್ಕೊಂಡು ಬಂದಿದೀನಾ ನಿಮ್ಮನ್ನ? ಕಣ್ಣಿಗೆ ಕಂಡಿದ್ದು ಬರೀರಮ್ಮ. ಬಾಗಿಲು ಮುಚ್ಚಿದೆ. ಅವರೇ ಏನೂ ಇಲ್ಲ ಅಂತಿದಾರೆ. ಕಸುಬು ಇಲ್ಲ, ವಾಸ ಮಾತ್ರ."

ನಾನು ಬರೆದೆ. ನಾಲ್ಕೂ ಮನೆಗೆ ಅದನ್ನೇ ಬರೆದೆ, ನನ್ನ ದುಂಡಗಿನ ಅಕ್ಷರದಲ್ಲಿ, ಸಾಲು ಸೊಟ್ಟವಾಗದ ಹಾಗೆ. ಆಮೇಲೆ ಸರಿ ಮಾಡಿಸಿದರಾಯಿತು ಅಂದುಕೊಂಡೆ. ಊರಿಗೆಲ್ಲ ಗೊತ್ತಿರುವ ಕುಲುಮೆಯನ್ನು ಒಂದು ಗೆರೆ ಇಲ್ಲ ಅಂದುಬಿಡುತ್ತದೆಯೇ ಅಂತ ನನ್ನ ಲೆಕ್ಕಾಚಾರ. ಇಪ್ಪತ್ತು ವರ್ಷದ ಮೊದ್ದು ನಾನು. ರುದ್ರಾಚಾರ್ ಮೇಲೂ ನನಗೆ ಇವತ್ತಿಗೂ ಸಿಟ್ಟಿದೆ. ನಾಳೆ ಬನ್ನಿ, ನಾನು ಕಮ್ಮಾರ ಅಂತ ಅನ್ನಬಹುದಿತ್ತಲ್ಲ ಆ ಮನುಷ್ಯ. ಆದರೆ ಕೇಳಿದ್ದಕ್ಕೆ ಮಾತ್ರ, ಕೇಳಿದ ದಿನದ್ದು ಮಾತ್ರ ಉತ್ತರ ಕೊಡುವವರು ಅವರು.

ಪಟ್ಟಿ ಗೋಡೆಗೆ ಬಂದಾಗ ಮೊದಲ ಮಳೆ ಬಿದ್ದು ಬೀದಿ ರಾಡಿಯಾಗಿತ್ತು. ಗೌರಕ್ಕನಿಗೆ ಓದು ಬರುತ್ತಿರಲಿಲ್ಲ. ಸ್ಕೂಲಿನಿಂದ ಬರುತ್ತಿದ್ದ ನನ್ನ ಕೈ ಹಿಡಿದು ಗೋಡೆಯ ಹತ್ತಿರ ಎಳೆದುಕೊಂಡು ಹೋದಳು.

"ನಮ್ಮದೆಲ್ಲಿದೆ ಓದು ಮಾರಾಯ್ತಿ. ಯಾವ ಅಂಗಡಿ ಬಂತು? ಮೂಲೇದು ಬಂದ್ರೆ ಹೊಗೆ ಹೋಗೋಕೆ ಚೆನ್ನಾಗಿರುತ್ತೆ ಅಂತ ಇವರು ಅಂತಿದ್ರು."

ನಾನು ಓದಿದೆ. ರುದ್ರಾಚಾರ್, ಕಸುಬು ಇಲ್ಲ, ವಾಸ ಮಾತ್ರ, ಮೇಲಿನ ಮನೆ.

ಅವಳಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಓದಿಸಿದಳು. ಆಮೇಲೆ, "ಕಸುಬು ಇಲ್ಲ ಅಂತ ಬರೆದ ಆ ಮುಂಡೇಮಗ ಯಾರು?" ಅಂದಳು.

"ಕಚೇರಿಯವರು," ಅಂದೆ.

ಆ ಒಂದು ಸುಳ್ಳಿಗೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವಳು ಮಳೆಯಲ್ಲಿ ಹಾಗೇ ನಿಂತುಕೊಂಡು, ಕುಲುಮೆ ಅಂದರೆ ಏನು ಅಂತ ನನಗೆ ಗೊತ್ತಿಲ್ಲವೇನೋ ಅನ್ನುವ ಹಾಗೆ ವಿವರಿಸಿದಳು. ಅಕ್ಕಸಾಲಿಗೆ ಮಹಡಿಯಾದರೂ ಆದೀತು, ಬಡಗಿಗೆ ಯಾವುದಾದರೂ ಬಯಲಾದೀತು, ಕಮ್ಮಾರನಿಗೆ ನೆಲವೇ ಬೇಕು. ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು ಮೊಳದಷ್ಟು ಭೂಮಿಯೊಳಗೆ ಕೂರಬೇಕು, ಇಲ್ಲದಿದ್ದರೆ ಏಟು ನಿಲ್ಲುವುದಿಲ್ಲ. ಮಹಡಿಯ ಮೇಲೆ ಸುತ್ತಿಗೆ ಎತ್ತಿದರೆ ಕೆಳಗಿನವರ ತಲೆ ಮೇಲೆ ಚಾವಣಿ. ಬೆಂಕಿಯನ್ನಂತೂ ಮೊದಲೇ ಬೇಡ ಅಂದಿದ್ದಾರೆ. "ಹಾಗಾದ್ರೆ ನಾವೇನು ಮೇಲೆ ಕೂತು ಹೊಳೆ ನೋಡ್ತಾ ಇರಬೇಕಾ?" ಅಂದಳು.

ರಾತ್ರಿ ಊಟಕ್ಕೆ ಕೂತಾಗ ಅಪ್ಪಾಜಿಗೆ ಹೇಳಿದೆ, ಪಟ್ಟಿ ಬರೆದವಳು ನಾನು, ತಪ್ಪಾಗಿದೆ ಅಂತ ಅರ್ಜಿ ಕೊಡುತ್ತೇನೆ ಅಂತ.

"ನಿನ್ನ ಕೆಲಸ ಇನ್ನೂ ಟೆಂಪರರಿ," ಅಂದರು ಅಪ್ಪಾಜಿ. "ಆಫೀಸರು ಬರೆಸಿದ್ದನ್ನ ಬರೆದೋಳೇ ತಪ್ಪು ಅಂದ್ರೆ ಏನರ್ಥ? ನಮಗೆ ಕೆಳಗೆ ಎರಡನೇ ಅಂಗಡಿ ಬಂದಿದೆ. ಪಟ್ಟಿ ತಿದ್ದೋಕೆ ಕೂತ್ರೆ ನಮ್ಮದನ್ನೂ ತಿದ್ದಲ್ಲ ಅಂತ ಏನು ಗ್ಯಾರಂಟಿ?"

"ಅವತ್ತು ನಮ್ಮ ಅಂಗಡಿ ತುಂಬಿದ್ದೂ ಅಮಾವಾಸ್ಯೆಯಿಂದಲೇ, ಅವರ ಕುಲುಮೆ ಮುಚ್ಚಿದ್ದೂ ಅಮಾವಾಸ್ಯೆಯಿಂದಲೇ ಅಪ್ಪಾಜಿ. ಅವರು ಪೂಜೆಗೆ ತಗೊಂಡ ಕುಂಕುಮ ನಮ್ಮದೇ."

ಅಪ್ಪಾಜಿ ತಟ್ಟೆಯಲ್ಲೇ ಕೈ ತೊಳೆದು ಎದ್ದರು. ನನ್ನ ಅಪ್ಪ ಕೆಟ್ಟವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿ. ಆ ಬೀದಿಯಲ್ಲಿ ಕೆಳಗೆ ಅಂಗಡಿ ಬಂದವರೆಲ್ಲ ಆ ತಿಂಗಳು ಅದೇ ಜಾತಿಯಾದರು. ನೂರು ವರ್ಷ ಒಬ್ಬರ ಜಗಲಿಯಲ್ಲಿ ಒಬ್ಬರು ಕೂತು ಎಲೆಅಡಿಕೆ ಹಾಕಿದ ಜನ ತುದಿಯ ಮನೆಗಳ ಕಡೆ ಹೋಗುವುದನ್ನೇ ಬಿಟ್ಟರು. ಬಡಗಿಗಳಿಬ್ಬರು ಇದನ್ನು ನೋಡಿ ನೋಡಿ ಮರದ ಡಿಪೋ ಕಡೆಗೆ ಗುಡಿಸಲು ಹಾಕಿಕೊಂಡು ಹೋದರು. ಅಕ್ಕಸಾಲಿ ಮೇಲಿನ ಮನೆಗೇ ಒಪ್ಪಿಕೊಂಡರು. ಉಳಿದಿದ್ದು ಕುಲುಮೆ ಒಂದೇ.

ನಾನು ಅರ್ಜಿ ಬರೆದೆ. ಹದಿನೈದು ದಿನ ಹಿಂದೆಮುಂದೆ ನೋಡಿ ಬರೆದೆ, ಅದನ್ನೂ ಹೇಳಬೇಕು. ಪಟ್ಟಿ ಮಾಡಿದ ದಿನ ಅಮಾವಾಸ್ಯೆಯಾಗಿತ್ತು, ಈ ಜನ ಅಮಾವಾಸ್ಯೆಯಂದು ಕಸುಬು ಮಾಡುವುದಿಲ್ಲ, ಆದ್ದರಿಂದ ಕುಲುಮೆ ಮುಚ್ಚಿತ್ತು, ಬೇರೆ ದಿನ ಬಂದು ನೋಡಬೇಕು ಅಂತ. ಓವರ್‌ಸಿಯರ್ ಓದಿದರು. ಟೋಪಿ ತೆಗೆದು ತಲೆ ಕೆರೆದುಕೊಂಡರು. "ಆಗ್ಲಿ, ಮತ್ತೆ ಬರ್ತೀವಿ. ನೀವೂ ಬನ್ನಿ ಪುಸ್ತಕ ತಗೊಂಡು," ಅಂದರು. ನಾನು ಎಷ್ಟು ಕುಣಿದುಕೊಂಡು ಬಂದೆ ಅಂದರೆ, ದಾರಿಯಲ್ಲೇ ಗೌರಕ್ಕನಿಗೆ ಕೂಗಿ ಹೇಳಿದೆ. ನಾಲ್ಕು ದಿನದ ಮೇಲೆ ತಾರೀಖಿನ ಚೀಟಿ ಬಂತು. ಗೋಡೆಯ ಮೇಲಿನ ಪಂಚಾಂಗದ ಹಾಳೆ ನೋಡಿದೆ. ಭೀಮನ ಅಮಾವಾಸ್ಯೆ.

ಬೇಕಂತಲೇ ಮಾಡಿದರು. ಬೇರೆ ಯಾರು ಏನೇ ಹೇಳಲಿ, ಬೇಕಂತಲೇ ಮಾಡಿದರು. ಕೆಳಗಿನ ಅಂಗಡಿಗಳು ಎಣಿಸಿದಷ್ಟೇ ಇದ್ದವು, ಹೊರಗಿನಿಂದ ಕೇಳುವವರು ಆಗಲೇ ಕಚೇರಿಯ ಮೆಟ್ಟಿಲು ಸವೆಸುತ್ತಿದ್ದರು. ಯಾವತ್ತು ಬಂದರೆ ಕುಲುಮೆ ತಣ್ಣಗಿರುತ್ತದೆ ಅನ್ನುವುದನ್ನು ಅರ್ಜಿಯಲ್ಲಿ ನಾನೇ ಸ್ಪಷ್ಟವಾಗಿ ಬರೆದು ತಿಳಿಸಿದ್ದೆ. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಅಂದರೆ ಇದೇ. ದಿನ ಬದಲಾಯಿಸಿ ಅಂತ ಕಚೇರಿಗೆ ಓಡಿದೆ. ಸಾಹೇಬರು ಕ್ಯಾಂಪ್ ಹೋಗಿದ್ದಾರೆ ಅಂದ ಜವಾನ.

ಹಿಂದಿನ ಸಂಜೆ ರುದ್ರಾಚಾರ್ ಅವರ ಜಗಲಿಗೆ ಹೋದೆ. ಅವರು ಅವತ್ತಿನ ಕೆಲಸ ಮುಗಿಸಿ ಇಕ್ಕಳ ಒರೆಸುತ್ತಿದ್ದರು. ಮೊದಲು ನಿಜ ಹೇಳಿದೆ. ಬರೆದವಳು ನಾನೇ ಅಂತ.

"ಗೊತ್ತು," ಅಂದರು. "ನೀವು ಬರೀತಾ ಇದ್ದಾಗ ನಾನು ಎದುರಿಗೇ ಕೂತಿದ್ನಲ್ಲ ಸರೋಜಮ್ಮ."

ಗೌರಕ್ಕ ನನ್ನ ಮುಖ ನೋಡಿದಳು.

"ನಾಳೆ ಒಂದು ಗಂಟೆ ಹೊತ್ತು ಕುಲುಮೆ ಹಚ್ಚಿ ಆಚಾರ್ರೇ," ಅಂದೆ. "ಒಂದೇ ಗಂಟೆ. ಅವರು ನೋಡಿ ಹೋಗಲಿ. ಆಮೇಲೆ ಬೇಕಾದ್ರೆ ಪ್ರಾಯಶ್ಚಿತ್ತ ಮಾಡಿಕೊಳ್ಳಿ."

"ನಾಳೆ ಆಗಲ್ಲ."

"ನಾಳೆ ಆಗದಿದ್ರೆ ಯಾವತ್ತೂ ಆಗಲ್ಲ!"

"ನಮ್ಮಪ್ಪ ಹಚ್ಚಿಲ್ಲ, ಅವರಪ್ಪ ಹಚ್ಚಿಲ್ಲ. ವರ್ಷಪೂರ್ತಿ ಬಡಿಸಿಕೊಳ್ಳೋ ಕಬ್ಬಿಣಕ್ಕೆ ತಿಂಗಳಿಗೊಂದು ದಿನ ಬಿಡುವು ಬೇಡ್ವಾ? ಕುಲುಮೆ ಉಳಿಸೋಕೆ ಅಂತ ಕುಲುಮೆಗೇ ಮೋಸ ಮಾಡ್ಲಾ?"

"ನಿಮ್ಮ ಕಬ್ಬಿಣಕ್ಕಿರೋ ಮರ್ಯಾದೆ ನಿಮ್ಮ ಹೆಂಡ್ತಿಗಿಲ್ವಾ?" ಅಂತ ಕೂಗಿಬಿಟ್ಟೆ. ಹಿರಿಯರ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು. ಅವರು ಇಕ್ಕಳ ಒರೆಸುವುದನ್ನು ಮುಂದುವರಿಸಿದರು. ನಾನು ಅಳುತ್ತ ಮನೆಗೆ ಬಂದೆ.

ಭೀಮನ ಅಮಾವಾಸ್ಯೆ ಅಂದರೆ ಹೆಂಡತಿ ಗಂಡನ ಪಾದ ತೊಳೆದು ಪೂಜೆ ಮಾಡುವ ದಿನ. ಬೆಳಿಗ್ಗೆಯಿಂದ ಧೋ ಅಂತ ಮಳೆ. ನಾನು ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತುದಿಯ ಮನೆಗೆ ಹೋದಾಗ ರುದ್ರಾಚಾರ್ ಜಗಲಿಯಲ್ಲಿ ಮಡಿಪಂಚೆ ಉಟ್ಟು ಕೂತಿದ್ದರು. ಪಾದದ ಮೇಲೆ ಅಕ್ಷತೆ, ಹೂವು ಹಾಗೇ ಇದ್ದವು. ಮುಖ ಹೊಳೆಯ ಕಡೆಗಿತ್ತು. ಅವರ ಬೆನ್ನ ಹಿಂದೆ ಹಲಗೆ ಬಾಗಿಲು ತೆಗೆದಿತ್ತು. ಒಳಗೆ ಕುಲುಮೆ ಉರಿಯುತ್ತಿತ್ತು.

ಗೌರಕ್ಕ ಪೂಜೆಯ ಸೀರೆಯಲ್ಲೇ, ಕೈಗೆ ಕಟ್ಟಿದ ಅರಿಶಿನದ ದಾರದ ಸಮೇತ ತಿದಿ ಒತ್ತುತ್ತಿದ್ದಳು. ಬೆಂಕಿಯೊಳಗೆ ಒಂದು ಕಬ್ಬಿಣದ ಪಟ್ಟಿ ಕೆಂಪಾಗುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ಗಂಡನ ಬೆನ್ನಿಗೆ ಕೇಳುವ ಹಾಗೆ ಹೇಳಿದಳು. "ಇವತ್ತು ಆ ಕಾಲಿಗೆ ಪೂಜೆ ಮಾಡಿದೀನಿ. ಆ ಕಾಲು ಊರೋಕೆ ನೆಲ ಬೇಡ್ವಾ? ಪಾಪ ಬಂದ್ರೆ ನಂಗಿರಲಿ."

ರುದ್ರಾಚಾರ್ ತಿರುಗಲಿಲ್ಲ. ಎದ್ದು ಬೆಂಕಿ ಆರಿಸಲೂ ಇಲ್ಲ. ಅಷ್ಟು ಮಾತ್ರ ಅವರಿಂದ ಸಾಧ್ಯವಾಯಿತು.

ಓವರ್‌ಸಿಯರ್ ಬಂದರು. ಜವಾನ ಹಿಂದಿನಿಂದ ಕೊಡೆ ಹಿಡಿದಿದ್ದ. ಜಗಲಿ ಹತ್ತಲೂ ಇಲ್ಲ, ಬೀದಿಯಲ್ಲೇ ನಿಂತು ಒಳಗೆ ಇಣುಕಿದರು.

"ಏನಮ್ಮ, ಅಡಿಗೆ ಆಯ್ತಾ?" ಅಂದರು.

"ಸರ್, ಅದು ಕುಲುಮೆ," ಅಂದೆ. "ನೋಡಿ, ತಿದಿ ಇದೆ, ಅಡಿಗಲ್ಲು ಇದೆ, ಕಬ್ಬಿಣ ಕಾಯ್ತಾ ಇದೆ."

"ಸುತ್ತಿಗೆ ಹಿಡಿಯೋನೆಲ್ಲಿ? ಮೊದಲಿನ ಹಾಗೇ ಪಂಚೆ ಉಟ್ಕೊಂಡು ಕೂತಿದಾನಲ್ಲ. ಏನ್ರಿ ಯಜಮಾನ್ರೇ, ಇದು ನಿಮ್ಮ ಕಸುಬಾ?"

ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಹೂಂ ಅನ್ನಿ. ಒಂದು ಸಲ ಹೂಂ ಅನ್ನಿ.

"ಇವತ್ತು ಏನೂ ಇಲ್ಲ ಸ್ವಾಮಿ," ಅಂದರು ರುದ್ರಾಚಾರ್.

"ಕೇಳಿದ್ರಲ್ಲ? ಹೆಂಗಸು ಬೆಂಕಿ ಮುಂದೆ ಕೂತಿದ್ರೆ ಅದಕ್ಕೆ ಒಲೆ ಅಂತಾರೆ. ಬರೀರಮ್ಮ, ಅಡಿಗೆ ಒಲೆ."

"ಬರೆಯಲ್ಲ," ಅಂದೆ.

ಅವರಿಗೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟು ಬಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಜವಾನನ ಬೆನ್ನ ಮೇಲಿಟ್ಟುಕೊಂಡು, ತಾವೇ ಬರೆದರು. ಕಾಗೆಕಾಲಿನಂಥ ಅಕ್ಷರ. ಮೊದಲನೇ ಸಲ ನಾನು ಬರೆದೆ, ಎರಡನೇ ಸಲ ಬರೆಯಲಿಲ್ಲ, ಆಗಿದ್ದು ಎರಡು ಸಲವೂ ಒಂದೇ. ಮೂವತ್ತು ವರ್ಷ ಬೆಂಕಿಯ ಬಣ್ಣ ಓದಿದ ಹೆಂಗಸನ್ನು ಒಂದು ಗೆರೆಯಲ್ಲಿ ಅಡಿಗೆಯವಳು ಮಾಡಿ ಮುಗಿಸಿದರು. ಅಡಿಗೆಯವಳಾದರೆ ತಪ್ಪೇನಿಲ್ಲ, ಆದರೆ ಅವಳು ಮಾಡುತ್ತಿದ್ದದ್ದು ಅಡಿಗೆಯಲ್ಲ.

ಗೌರಕ್ಕ ಎದ್ದಳು. ಇಕ್ಕಳದಲ್ಲಿ ಆ ಕೆಂಪು ಪಟ್ಟಿಯನ್ನು ಹೊರಗೆಳೆದು ಅಡಿಗಲ್ಲಿನ ಮೇಲಿಟ್ಟಳು. ಗಂಡನ ಸುತ್ತಿಗೆ ಎತ್ತಿ ಹೊಡೆದಳು. ಒಂದು, ಎರಡು, ಮೂರು. ಮಳೆಯ ಸದ್ದನ್ನೂ ಮೀರಿ ಬೀದಿಯ ಆ ತುದಿಯವರೆಗೆ ಕೇಳಿರಬೇಕು, ಏಕೆಂದರೆ ನಮ್ಮ ಅಪ್ಪಾಜಿ ಅಂಗಡಿಯಿಂದ ಇಳಿದು ಬೀದಿಗೆ ಬಂದಿದ್ದರು. ಓವರ್‌ಸಿಯರ್ ಕೊಡೆಯ ಕೆಳಗೆ ನಡೆದು ಹೋಗುತ್ತಲೇ ಇದ್ದರು. ಅವರು ತಿರುಗಿ ನೋಡಲಿಲ್ಲ. ಗೌರಕ್ಕ ಆ ಕಬ್ಬಿಣದ ಪಟ್ಟಿಯನ್ನು ನೀರಿನ ತೊಟ್ಟಿಗೆ ಎಸೆದಳು. ಚುಂಯ್ ಅಂತ ಹಬೆ ಎದ್ದು ಆ ವಾಸನೆ ಜಗಲಿ ತುಂಬ ಹರಡಿತು.

ಕೊನೆಯ ಪಟ್ಟಿಯಲ್ಲಿ ಮೂಲೆಯ ಅಂಗಡಿ ಒಬ್ಬ ಬಟ್ಟೆ ವ್ಯಾಪಾರಿಗೆ ಹೋಯಿತು. ಆತ ನಮ್ಮ ಬೀದಿಯಲ್ಲಿ ಒಂದು ದಿನ ಮಲಗಿ ಎದ್ದವನಲ್ಲ. ರುದ್ರಾಚಾರ್ ದಂಪತಿಗೆ ಮಹಡಿಯ ಮೇಲೆ ಹೊಳೆ ಕಾಣುವ ಮನೆ ಗೊತ್ತುಮಾಡಿದ್ದರು. ಅದನ್ನು ಅವರು ಬೇಡ ಅಂದರು. ಗೌರಿ ಹಬ್ಬಕ್ಕೆ ಮೊದಲು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದ ಗೌರಕ್ಕನ ತಮ್ಮ ಗಾಡಿ ತಂದ. ಅಡಿಗಲ್ಲನ್ನು ಕೀಳಲು ನಾಲ್ಕು ಜನ ಬೇಕಾದರು. ಅದು ಕಿತ್ತ ಜಾಗದಲ್ಲಿ ಗುಂಡಿ ಬಿತ್ತು. ನಮ್ಮ ಬೀದಿಯ ಜನ ಬಂದು ಸುತ್ತ ನಿಂತು ಆ ಗುಂಡಿ ನೋಡಿದರು. ಅಪ್ಪಾಜಿ ಒಂದು ಪೊಟ್ಟಣ ಕುಂಕುಮ ತಂದು ಗೌರಕ್ಕನ ಕೈಗಿಟ್ಟರು. ಅವಳು ಇಸಿದುಕೊಂಡಳು. ಹೋಗಿಬರ್ತೀನಿ ಅನ್ನಲಿಲ್ಲ.

ದಸರಾ ಮುಗಿದ ಮೇಲೆ ಬೀದಿ ಕೆಡವಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹತ್ತೇ ದಿನದಲ್ಲಿ ಕೋಟೆಯ ಹಿಂಬದಿಯಿಂದ ನಿಂತು ನೋಡಿದರೆ ಹೊಳೆ ಕಾಣುತ್ತಿತ್ತು. ನಾವು ಬಾಡಿಗೆ ಮನೆಗೆ ಹೋದೆವು. ನನ್ನ ಟೆಂಪರರಿ ಕೆಲಸ ಹೋಗುತ್ತದೆ ಅಂತ ಎಲ್ಲರೂ ಹೆದರಿಸಿದ್ದರು, ಹೋಗಲಿಲ್ಲ. ನಾನು ಬರೆಯಲ್ಲ ಅಂದಿದ್ದು ಕಚೇರಿಯಲ್ಲಿ ಯಾರಿಗೂ ನೆನಪೇ ಇರಲಿಲ್ಲ.

ದೀಪಾವಳಿಗೆ ಸ್ಕೂಲು ರಜ. ಅವ್ವನಿಗೂ ಹೇಳದೆ ಬಸ್ಸು ಹತ್ತಿದೆ. ಮಲವಗೊಪ್ಪ ದಾಟಿ, ಮಾಚೇನಹಳ್ಳಿ ದಾಟಿ ಭದ್ರಾವತಿಯಲ್ಲಿ ಇಳಿದಾಗ ಕಾರ್ಖಾನೆಯ ಚಿಮಣಿ ಆಕಾಶಕ್ಕೆ ಹೊಗೆ ಬಿಡುತ್ತಿತ್ತು. ಗೌರಕ್ಕನ ತಮ್ಮನ ಹೆಸರು ಹೇಳಿ ಕೇಳುತ್ತ ಕೇಳುತ್ತ ಹೋದೆ. ತಮಿಳು, ತೆಲುಗು ಎಲ್ಲ ಕಿವಿಗೆ ಬೀಳುವ ಒಂದು ಸಾಲುಮನೆ. ಒಂದು ಕೋಣೆ, ಅದಕ್ಕೊಂದು ಚಿಕ್ಕ ಅಡಿಗೆ ಮೂಲೆ. ಬಾಗಿಲ ಪಕ್ಕದಲ್ಲಿ ಅಡಿಗಲ್ಲು ಮಲಗಿತ್ತು, ಅದರ ಮೇಲೆ ನೀರಿನ ಕೊಡ. ಗೌರಕ್ಕ ನನ್ನನ್ನು ನೋಡಿ, "ಬಾ ಮಾರಾಯ್ತಿ, ಕೂತ್ಕೋ," ಅಂದು ಚಾಪೆ ಹಾಸಿದಳು.

ರುದ್ರಾಚಾರ್ ಗೋಡೆಗೊರಗಿ ಕಾಫಿ ಕುಡಿಯುತ್ತಿದ್ದರು. ಮೈಮೇಲೆ ಖಾಕಿ ಅಂಗಿ. ಕೈಗೆ ಮಸಿ ಹತ್ತಿತ್ತು, ಆದರೆ ಅದು ನನಗೆ ಗೊತ್ತಿದ್ದ ಮಸಿಯಾಗಿರಲಿಲ್ಲ. ಎಣ್ಣೆ ಬೆರೆತ ಮಸಿ. ಕುಲುಮೆ ಹಾಕೋಕೆ ಇಲ್ಲೆಲ್ಲೂ ಜಾಗ ಸಿಗಲಿಲ್ವಾ ಅಂತ ಕೇಳಿದೆ. ಹುಡುಕಿದ್ವಿ ಅಂದರು. ಅಷ್ಟೇ. ಅಷ್ಟು ಹೊತ್ತಿಗೆ ಕಾರ್ಖಾನೆಯ ಸೈರನ್ ಕೂಗಿತು. ಅವರು ಲೋಟ ಕೆಳಗಿಟ್ಟು ಎದ್ದರು. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿದರು.

"ಆಚಾರ್ರೇ," ಅಂದೆ. "ಇವತ್ತು ಅಮಾವಾಸ್ಯೆ."

ಅವರು ನಿಂತರು. ಹಣೆಯಲ್ಲಿ ವಿಭೂತಿ ಇತ್ತು. ಪೂಜೆ ಮಾಡಿದ್ದರು ಅಂತ ಕಾಣುತ್ತದೆ.

"ಗೊತ್ತು ಸರೋಜಮ್ಮ," ಅಂದರು. "ಅಲ್ಲಿರೋದು ಆರಿಸೋ ಬೆಂಕಿ ಅಲ್ಲ. ನಂದೂ ಅಲ್ಲ."

ಚಪ್ಪಲಿಯ ಸದ್ದು ಸಾಲುಮನೆಯ ಉದ್ದಕ್ಕೂ ಹೋಯಿತು. ಅಕ್ಕಪಕ್ಕದ ಬಾಗಿಲುಗಳಿಂದ ಬೇರೆ ಚಪ್ಪಲಿಗಳೂ ಹೊರಟು ಅದರೊಳಗೆ ಸೇರಿಕೊಂಡವು. ಹೆಂಡತಿಗಾಗಿ ಒಂದು ಗಂಟೆ ಮುರಿಯದ ಅಮಾವಾಸ್ಯೆಯನ್ನು ಆ ಮನುಷ್ಯ ಸೈರನ್ನಿಗಾಗಿ ಮುರಿಯುತ್ತಿದ್ದರು. ನನಗೆ ಅವರ ಮೇಲೆ ಬಂದ ಸಿಟ್ಟು, ಅವರನ್ನು ಹಾಗೆ ಮಾಡಿದವರ ಮೇಲೆ ಬಂದ ಸಿಟ್ಟು, ನನ್ನ ದುಂಡಗಿನ ಅಕ್ಷರದ ಮೇಲೆ ಬಂದ ಸಿಟ್ಟು, ಯಾವುದು ಯಾವುದು ಅಂತ ನನಗೇ ತಿಳಿಯಲಿಲ್ಲ. ಕ್ಷಮಿಸು ಗೌರಕ್ಕ ಅನ್ನಬೇಕು ಅಂತಲೇ ಅಷ್ಟು ದೂರ ಬಂದಿದ್ದೆ. ಬಾಯಿಗೆ ಬರಲಿಲ್ಲ.

ಗೌರಕ್ಕ ಅಡಿಗೆ ಮೂಲೆಗೆ ಹೋಗಿ ಕೂತಳು. ಎರಡು ಸೌದೆ ಮುಂದಕ್ಕೆ ತಳ್ಳಿ, ಊದುಗೊಳವೆ ಎತ್ತಿಕೊಂಡು ಊದಿದಳು. ಬೆಂಕಿ ಎದ್ದಿತು. ಅದರ ಬಣ್ಣ ನೋಡುತ್ತ ಸ್ವಲ್ಪ ಹೊತ್ತು ಕೂತಿದ್ದಳು. ಅಭ್ಯಾಸ. ಆಮೇಲೆ ನನ್ನ ಕಡೆ ತಿರುಗದೆ ಹೇಳಿದಳು:

"ಈಗ ಬರ್ಕೋ ಸರೋಜಾ. ಇದು ಒಲೆ."